ಹಳೆ ಸಾಲ ತೀರಿಸಲು ಹೊಸ ಸಾಲ: ಕಂಪನಿ ಮುಳುಗುತ್ತಿದೆಯೇ?

ಪ್ರಶ್ನೆ: ದೊಡ್ಡ ಉತ್ಪಾದನಾ ಕಂಪನಿಯೊಂದರಲ್ಲಿ ದುಡಿದು ನಿವೃತ್ತನಾಗಿದ್ದೇನೆ. ನನ್ನ ಉಳಿತಾಯದ ಮೂರನೇ ಒಂದು ಭಾಗ ಅದೇ ಕಂಪನಿಯ ಬಾಂಡ್‌ಗಳಲ್ಲಿದೆ. ಅವು ತೀರಲು ಇನ್ನೂ 3 ವರ್ಷ ಬಾಕಿ. ಸ್ವಲ್ಪ ಷೇರುಗಳೂ ಇವೆ. ಈ ಸಲದ ವಾರ್ಷಿಕ ವರದಿ ಓದಿದಾಗಿನಿಂದ ನೆಮ್ಮದಿಯಿಲ್ಲ. ಒಟ್ಟು ಸಾಲ 9,400 ಕೋಟಿ. ಐದು ವರ್ಷದ ಹಿಂದೆ 9,100 ಕೋಟಿ ಇತ್ತು, ಅಂದರೆ ತೀರಿದ್ದೇ ಇಲ್ಲ. ಮುಂದಿನ 12 ತಿಂಗಳಲ್ಲಿ 3,200 ಕೋಟಿ ಕಟ್ಟಬೇಕು, ಕೈಯಲ್ಲಿರುವ ನಗದು 1,500 ಕೋಟಿ ಮಾತ್ರ. ಈ ವರ್ಷ ತೀರಬೇಕಾದ 1,000 ಕೋಟಿಯ ಬಾಂಡ್‌ಗೆ ಹೊಸ ಬಾಂಡ್ ಹೊರಡಿಸಿಯೇ ಹಣ ಹೊಂದಿಸುತ್ತೇವೆ ಎಂದು ಆಡಳಿತವೇ ಬರೆದುಕೊಂಡಿದೆ. ಸಾಲ ಮಾಡಿ ಸಾಲ ತೀರಿಸುವವರು ಉದ್ಧಾರವಾದದ್ದುಂಟೇ, ಎಲ್ಲ ಮಾರಿಬಿಡು ಎನ್ನುತ್ತಾರೆ ಸ್ನೇಹಿತರು. ಸಾಲ ತೀರಿಸುವ ಸಾಮರ್ಥ್ಯಕ್ಕೆ ಏಜೆನ್ಸಿಗಳು ಕೊಡುವ ರೇಟಿಂಗ್ ಮಾತ್ರ ಚೆನ್ನಾಗಿಯೇ ಇದೆ. 1,500 ಕೋಟಿ ಕೈಯಲ್ಲಿಟ್ಟುಕೊಂಡು ಮತ್ತೆ ಸಾಲ ಮಾಡುವುದೇಕೆ? ನಾನು ಏನು ಮಾಡಲಿ?

ಉತ್ತರ: ನಿಮ್ಮ ಆತಂಕದಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳು ಬೆರೆತಿವೆ. ಹೊಸ ಸಾಲದಿಂದ ಹಳೆ ಸಾಲ ತೀರಿಸುವುದೇ ರೋಗದ ಲಕ್ಷಣವೇ ಎಂಬುದು ಒಂದು. ಈ ಕಂಪನಿ ಮುಂದಿನ ಕಂತುಗಳನ್ನು ದಾಟಬಲ್ಲದೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಅಲ್ಲ ಎಂದು ನೇರವಾಗಿಯೇ ಹೇಳಬಹುದು. ಎರಡನೆಯದಕ್ಕೆ ಬೇಕಾದ ಅಂಕಿಗಳು ನೀವು ಕಳಿಸಿದ ವಾರ್ಷಿಕ ವರದಿಯ ಪುಟಗಳಲ್ಲಿ ಬಹುಪಾಲು ಸಿಗುತ್ತವೆ. ಆದರೆ ತುಂಬ ಮುಖ್ಯವಾದ ಒಂದು ಮಾಹಿತಿ ಅಲ್ಲಿಲ್ಲ. ಅದಕ್ಕೆ ಮುಂದೆ ಬರುತ್ತೇನೆ.

ಮನೆ ಸಾಲ ಮಾಡಿದವರು ಕಂತು ಕಟ್ಟುತ್ತಾ ಒಂದು ದಿನ ಸಾಲಮುಕ್ತರಾಗಲು ಬಯಸುತ್ತಾರೆ. ಅವರ ದುಡಿಮೆಗೆ ಒಂದು ವಯಸ್ಸಿನ ಮಿತಿಯಿದೆ. ಕಂಪನಿಗೆ ಆ ಮಿತಿಯಿಲ್ಲ. ಕಾರ್ಖಾನೆ ನಡೆಯುವಷ್ಟು ಕಾಲ ಯಂತ್ರಗಳಲ್ಲಿ, ಸರಕಿನಲ್ಲಿ, ಗಿರಾಕಿಗಳಿಂದ ಬರಬೇಕಾದ ಬಾಕಿಯಲ್ಲಿ ಹಣ ತೊಡಗಿಕೊಂಡೇ ಇರುತ್ತದೆ. ಆ ಹಣದ ಒಂದು ಪಾಲು ಷೇರುದಾರರದು, ಇನ್ನೊಂದು ಪಾಲು ಸಾಲ ಕೊಟ್ಟವರದು. ಸಾಲದ ಪಾಲನ್ನು ಪೂರ್ತಿ ತೆಗೆದರೆ ಅಷ್ಟೂ ಹಣವನ್ನು ಷೇರುದಾರರೇ ಹಾಕಬೇಕಾಗುತ್ತದೆ. ಹೆಚ್ಚು ಅಪಾಯ ಹೊರುವ ಷೇರುದಾರರು ಬಡ್ಡಿಗಿಂತ ಹೆಚ್ಚಿನ ಲಾಭವನ್ನು ನಿರೀಕ್ಷಿಸುತ್ತಾರೆ. ಜತೆಗೆ ಬಹುತೇಕ ದೇಶಗಳಲ್ಲಿ ಬಡ್ಡಿಯನ್ನು ಖರ್ಚೆಂದು ಕಳೆದ ಮೇಲೆ ಉಳಿದ ಲಾಭಕ್ಕಷ್ಟೇ ತೆರಿಗೆ. 8 ಶೇಕಡ ಬಡ್ಡಿಯ ಸಾಲ, 25 ಶೇಕಡ ತೆರಿಗೆ ಕಟ್ಟುವ ಕಂಪನಿಗೆ 6 ಶೇಕಡಕ್ಕೇ ಬಿದ್ದಂತೆ. ಹೀಗಾಗಿ ದೊಡ್ಡ ಕಂಪನಿಗಳು ಸಾಲವನ್ನು ಒಂದು ಮಟ್ಟದಲ್ಲಿ ಇಟ್ಟುಕೊಂಡು, ಒಂದು ತೀರಿದಾಗ ಇನ್ನೊಂದನ್ನು ತರುತ್ತಾ ಹೋಗುತ್ತವೆ.

ಸಾಲ ಇಳಿದಿದೆಯೇ ಎಂದು ನೋಡಲು ಮೊತ್ತವನ್ನಷ್ಟೇ ನೋಡಿದರೆ ಸಾಲದು, ದುಡಿಮೆಗೆ ಹೋಲಿಸಬೇಕು. ನಿಮ್ಮ ವರದಿಯ ಐದು ವರ್ಷದ ಪಟ್ಟಿಯಲ್ಲಿ ಬಡ್ಡಿ, ತೆರಿಗೆ, ಸವಕಳಿಗಳಿಗೆ ಮುಂಚಿನ ಲಾಭ (ಇದಕ್ಕೇ ಇಬಿಟ್ಡಾ ಎನ್ನುವುದು) 1,900 ಕೋಟಿಯಿಂದ 2,500 ಕೋಟಿಗೆ ಏರಿದೆ. ಅಂದು ಸಾಲ ದುಡಿಮೆಯ 4.8 ಪಟ್ಟು ಇತ್ತು, ಇಂದು 3.8 ಪಟ್ಟು. ಮೊತ್ತ ಹಾಗೆಯೇ ಇದ್ದರೂ ಹೊರೆ ಹಗುರಾಗಿದೆ.

ಅರ್ಥಶಾಸ್ತ್ರಜ್ಞ ಹೈಮನ್ ಮಿನ್ಸ್ಕಿ ಸಾಲಗಾರರನ್ನು ಮೂರು ಬಗೆಯಾಗಿ ವಿಂಗಡಿಸಿದ್ದರು. ದುಡಿಮೆಯಿಂದಲೇ ಬಡ್ಡಿ, ಅಸಲು ಎರಡನ್ನೂ ಕಟ್ಟುವವರು ಮೊದಲ ಬಗೆ. ಬಡ್ಡಿ ಕಟ್ಟಬಲ್ಲರು, ಆದರೆ ಅಸಲಿಗೆ ಹೊಸ ಸಾಲ ತರಬೇಕಾದವರು ಎರಡನೆಯ ಬಗೆ. ಬಡ್ಡಿ ಕಟ್ಟಲೂ ಸಾಲ ಮಾಡುವವರು ಮೂರನೆಯವರು. ನಿಮ್ಮ ಸ್ನೇಹಿತರು ಹೇಳುತ್ತಿರುವುದು ಈ ಮೂರನೆಯವರ ಬಗ್ಗೆ, ಮತ್ತು ಅವರ ವಿಷಯದಲ್ಲಿ ಆ ಮಾತು ನಿಜ. ನಿಮ್ಮ ಕಂಪನಿ ಎಲ್ಲಿ ನಿಲ್ಲುತ್ತದೆ ಎಂದು ಲೆಕ್ಕ ಹಾಕೋಣ. 2,500 ಕೋಟಿಯಲ್ಲಿ ಬಡ್ಡಿ 750, ತೆರಿಗೆ 260, ಹೆಚ್ಚಿದ ಸರಕು ಮತ್ತು ಬಾಕಿಗಳಿಗೆ 150 ಕೋಟಿ ಕಳೆದರೆ 1,340 ಉಳಿಯುತ್ತದೆ. ಇರುವ ಯಂತ್ರಗಳನ್ನು ಸುಸ್ಥಿತಿಯಲ್ಲಿಡಲು 600 ಕೋಟಿ ಬೇಕು. ಮಿಕ್ಕಿದ್ದು 740 ಕೋಟಿ. ಇಷ್ಟನ್ನೂ ಸಾಲಕ್ಕೇ ಸುರಿದರೂ 9,400 ಕೋಟಿ ತೀರಲು ಸುಮಾರು 13 ವರ್ಷ ಹಿಡಿಯುತ್ತದೆ. ಅಂದರೆ ಕಂಪನಿ ಎರಡನೆಯ ಬಗೆಗೆ ಸೇರುತ್ತದೆ. ಅನೇಕ ದೊಡ್ಡ ಉತ್ಪಾದನಾ ಕಂಪನಿಗಳೂ ಅಲ್ಲಿಯೇ ಇವೆ. ಆ ಬಗೆಯವರಿಗೆ ಇರುವ ಮುಖ್ಯ ಅಪಾಯ: ಹಳೆಯದು ತೀರುವ ತಾರೀಖಿನಂದು ಹೊಸ ಸಾಲ ಸಿಗದೇ ಹೋಗುವುದು. ಲಾಭದಲ್ಲಿದ್ದ ಕಂಪನಿಗಳು ಕುಸಿದದ್ದೂ ಹೆಚ್ಚಾಗಿ ಹೀಗೆಯೇ.

ಈಗ ಆ 12 ತಿಂಗಳನ್ನು ಬಿಡಿಸಿ ನೋಡೋಣ. 3,200 ಕೋಟಿಯಲ್ಲಿ ಬಾಂಡ್ 1,000, ಬ್ಯಾಂಕ್ ಅವಧಿ ಸಾಲದ ಕಂತು 600, ಕಮರ್ಷಿಯಲ್ ಪೇಪರ್ 1,200, ದುಡಿಯುವ ಬಂಡವಾಳದ (ದಿನನಿತ್ಯದ ವಹಿವಾಟಿಗೆ ಬೇಕಾದ ಹಣದ) ಸಾಲ 400 ಕೋಟಿ. ಈ ನಾಲ್ಕೂ ಒಂದೇ ಸ್ವಭಾವದವಲ್ಲ. ದುಡಿಯುವ ಬಂಡವಾಳದ ಸಾಲಕ್ಕೆ ಸರಕು ಮತ್ತು ಬಾಕಿಗಳ ಭದ್ರತೆ ಇರುವುದರಿಂದ ಬ್ಯಾಂಕುಗಳು ಸಾಮಾನ್ಯವಾಗಿ ವರ್ಷವರ್ಷ ನವೀಕರಿಸುತ್ತವೆ. ಅವಧಿ ಸಾಲದ ಕಂತಿನಲ್ಲಿ ತೊಂದರೆ ಬಂದರೆ ನಾಲ್ಕಾರು ಬ್ಯಾಂಕುಗಳ ಜತೆ ಕೂತು ಮಾತಾಡಬಹುದು. ಬಾಂಡ್‌ದಾರರು ಸಾವಿರಾರು ಮಂದಿ, ಅವರ ಒಪ್ಪಿಗೆ ಪಡೆಯಲು ಅವರೆಲ್ಲರ ಪ್ರತಿನಿಧಿಯಾದ ಟ್ರಸ್ಟಿಯ ಮೂಲಕ ಸಭೆ ಕರೆದು ಮತ ಹಾಕಿಸಬೇಕು.

ಇವೆಲ್ಲಕ್ಕಿಂತ ಸೂಕ್ಷ್ಮವಾದದ್ದು ಕಮರ್ಷಿಯಲ್ ಪೇಪರ್. ಇದು ಭದ್ರತೆಯಿಲ್ಲದ, ಹೆಚ್ಚಾಗಿ 3 ತಿಂಗಳೊಳಗೆ ತೀರುವ ಕೈಸಾಲ. ಅಗ್ಗವಾಗಿ ಸಿಗುತ್ತದೆ ಎಂಬುದೇ ಅದರ ಆಕರ್ಷಣೆ. ಕೊಳ್ಳುವವರು ಬಹುಪಾಲು ಮನಿ ಮಾರ್ಕೆಟ್ ಫಂಡ್‌ಗಳು (ಅಲ್ಪಾವಧಿ ಸಾಲಪತ್ರಗಳಲ್ಲಿ ಹಣ ಹೂಡುವ ನಿಧಿಗಳು), ಅವುಗಳಿಗೆ ತಮ್ಮ ಹೂಡಿಕೆದಾರರ ಹಣ ಯಾವ ಕ್ಷಣವಾದರೂ ಹಿಂತಿರುಗಿಸಬೇಕಾದ ಒತ್ತಡ. ಒಂದು ಕೆಟ್ಟ ಸುದ್ದಿ ಬಂದರೆ ಅವು ವಾದ ಮಾಡುವುದಿಲ್ಲ, ಮುಂದಿನ ಪೇಪರ್ ಕೊಳ್ಳದೆ ಸುಮ್ಮನಾಗುತ್ತವೆ. 1970ರ ಜೂನ್‌ನಲ್ಲಿ ಅಮೆರಿಕದ ಪೆನ್ ಸೆಂಟ್ರಲ್ ರೈಲ್ವೆ ಕಂಪನಿ ದಿವಾಳಿಯಾದಾಗ 8.2 ಕೋಟಿ ಡಾಲರ್‌ನ ಕಮರ್ಷಿಯಲ್ ಪೇಪರ್ ಬಾಕಿಯಿತ್ತು. ಆ ಭಯ ಅದಕ್ಕೆ ಸಂಬಂಧವೇ ಇಲ್ಲದ ಕಂಪನಿಗಳ ಪೇಪರಿಗೂ ಹರಡಿತು. ಪೇಪರ್ ಹೊರಡಿಸುವವರು ಅಷ್ಟೇ ಮೊತ್ತದ ಬ್ಯಾಂಕ್ ಮಿತಿಯನ್ನು (ಬೇಕಾದಾಗ ಸಾಲವಾಗಿ ತೆಗೆಯಬಹುದಾದ ಮೊತ್ತವನ್ನು) ಬೆನ್ನಿಗಿಟ್ಟುಕೊಳ್ಳಬೇಕೆಂಬ ಪದ್ಧತಿ ಗಟ್ಟಿಯಾದದ್ದು ಆಮೇಲೆ.

ಕಾಣೆಯಾದ ಮಾಹಿತಿ ಇರುವುದು ಇಲ್ಲೇ. ನಿಮ್ಮ ವರದಿಯಲ್ಲಿ ‘ಬಳಸದ ಬ್ಯಾಂಕ್ ಮಿತಿ 2,000 ಕೋಟಿ’ ಎಂದಷ್ಟೇ ಇದೆ. ಅದು ಬದ್ಧ ಮಿತಿಯೋ ಅಲ್ಲವೋ ಎಂದು ಬರೆದಿಲ್ಲ. ಬದ್ಧ ಮಿತಿಯಾದರೆ ಬ್ಯಾಂಕು ನಿಗದಿತ ವರ್ಷಗಳವರೆಗೆ ಕೇಳಿದಾಗ ಕೊಡಲೇಬೇಕು. ಅದಕ್ಕಾಗಿ ಬಳಸದ ಮೊತ್ತದ ಮೇಲೂ ಕಂಪನಿ ಪ್ರತಿವರ್ಷ ಶುಲ್ಕ ಕಟ್ಟುತ್ತದೆ. ಬದ್ಧವಲ್ಲದ ಮಿತಿಯನ್ನು ಬ್ಯಾಂಕು ಒಂದು ಪತ್ರ ಬರೆದು ಹಿಂತೆಗೆದುಕೊಳ್ಳಬಹುದು, ಮತ್ತು ಅಗತ್ಯ ಬಿದ್ದ ದಿನವೇ ಹಿಂತೆಗೆದುಕೊಳ್ಳುವ ಸಾಧ್ಯತೆ ಹೆಚ್ಚು.

ಕೆಟ್ಟ ವರ್ಷವೊಂದನ್ನು ಊಹಿಸಿ. ಬಾಂಡ್ ಪೇಟೆ ಮುಚ್ಚಿದೆ, ಪೇಪರ್ ಕೊಳ್ಳುವವರಿಲ್ಲ, 3,200 ಕೋಟಿಯನ್ನೂ ಕೈಯಿಂದಲೇ ಕಟ್ಟಬೇಕು. 1,500 ಕೋಟಿ ನಗದಿನಲ್ಲಿ 300 ಕೋಟಿ ಬ್ಯಾಂಕಿಗೆ ಭದ್ರತೆಯಾಗಿಟ್ಟ ಮಾರ್ಜಿನ್ ಠೇವಣಿಗಳಲ್ಲಿ ಮತ್ತು ಅಂಗಸಂಸ್ಥೆಗಳಲ್ಲಿ ಸಿಕ್ಕಿಕೊಂಡಿದೆ ಎಂದು ಟಿಪ್ಪಣಿಯಲ್ಲಿದೆ. ಹಾಗಾಗಿ 1,200 ಕೋಟಿಯನ್ನೇ ಹಿಡಿಯಿರಿ, ಜತೆಗೆ ವರ್ಷದ ಉಳಿಕೆ 740. ಎರಡೂ ಸೇರಿ 1,940 ಕೋಟಿ. ಮಿತಿ ಬದ್ಧವಲ್ಲದಿದ್ದರೆ 1,260 ಕೋಟಿ ಕೊರತೆ. ಬದ್ಧವಾಗಿದ್ದರೆ ಒಟ್ಟು 3,940 ಕೋಟಿ ಆಗಿ, ಕಂಪನಿ ಯಾರ ಮುಂದೆಯೂ ಕೈಚಾಚದೆ ವರ್ಷ ದಾಟುತ್ತದೆ. ಕಂಪನಿ ಯೋಜಿಸಿರುವ 900 ಕೋಟಿಯ ಹೊಸ ಘಟಕವನ್ನು ಮಾತ್ರ ಮುಂದೂಡಬೇಕಾಗುತ್ತದೆ, ಏಕೆಂದರೆ ಅದೂ ಸೇರಿದರೆ ಬೇಕಾದದ್ದು 4,100 ಕೋಟಿ. ಅದರ ಯಂತ್ರಗಳಿಗೆ ಈಗಾಗಲೇ ರದ್ದು ಮಾಡಲಾಗದ ಆರ್ಡರ್ ಕೊಟ್ಟಿದ್ದರೆ ಮುಂದೂಡುವುದೂ ಕಷ್ಟ. ಅಂಥ ಒಪ್ಪಂದಗಳ ಮೊತ್ತ ‘ಬಂಡವಾಳ ಬದ್ಧತೆಗಳು’ ಎಂಬ ಟಿಪ್ಪಣಿಯಲ್ಲಿರುತ್ತದೆ.

ನಗದು ಇಟ್ಟುಕೊಂಡು ಸಾಲ ಮಾಡುವುದೇಕೆ ಎಂಬ ನಿಮ್ಮ ಪ್ರಶ್ನೆಗೂ ಇದರಲ್ಲೇ ಉತ್ತರವಿದೆ. ಸಂಬಳ, ತೆರಿಗೆ, ಕಚ್ಚಾ ಸಾಮಗ್ರಿಯ ಪಾವತಿಗಳು ಬರುವ ದಿನವೇ ಗಿರಾಕಿಯ ಹಣ ಬರುವುದಿಲ್ಲ. ಖಜಾನೆ ವಿಭಾಗ 13 ವಾರಗಳ ಒಳಬರುವ, ಹೊರಹೋಗುವ ಹಣದ ಅಂದಾಜನ್ನು ವಾರವಾರ ತಿದ್ದುತ್ತಾ, ಅತಿ ಕಡಿಮೆಯಾಗುವ ವಾರದಲ್ಲೂ ಇಷ್ಟು ಇರಲೇಬೇಕು ಎಂದು ಒಂದು ಗೆರೆ ಹಾಕಿಕೊಂಡಿರುತ್ತದೆ. ಠೇವಣಿಯಲ್ಲಿ ಸಿಗುವ ಬಡ್ಡಿ ಸಾಲದ ಬಡ್ಡಿಗಿಂತ ಕಡಿಮೆಯಾದ್ದರಿಂದ ಇದು ನಷ್ಟದ ಬಾಬ್ತೇ ಸರಿ. ಆದರೆ ಆ ನಷ್ಟ ಭದ್ರತೆಗೆ ಕೊಟ್ಟ ಬೆಲೆ. ನಗದು ಇರುವ ಜಾಗದಿಂದ ಬೇಕಾದ ಜಾಗಕ್ಕೆ ತರುವುದೇ ದುಬಾರಿಯಾಗುವ ಸಂದರ್ಭವೂ ಉಂಟು. 2013ರಲ್ಲಿ ಆಪಲ್ ಬಳಿ ಸುಮಾರು 14,500 ಕೋಟಿ ಡಾಲರ್ ನಗದು ಮತ್ತು ಹೂಡಿಕೆಗಳಿದ್ದರೂ 1,700 ಕೋಟಿ ಡಾಲರ್‌ನ ಬಾಂಡ್ ಹೊರಡಿಸಿತು. ಹಣದ ಬಹುಭಾಗ ವಿದೇಶಗಳಲ್ಲಿತ್ತು, ಸ್ವದೇಶಕ್ಕೆ ತಂದರೆ ಆಗಿನ ಕಾನೂನಿನಂತೆ ಭಾರಿ ತೆರಿಗೆ ಬೀಳುತ್ತಿತ್ತು.

ಬದ್ಧ ಮಿತಿಯೂ ಬೇಷರತ್ತಲ್ಲ. ಸಾಲದ ಕರಾರಿನಲ್ಲಿ ಕವನೆಂಟ್ ಎಂಬ ಷರತ್ತುಗಳಿರುತ್ತವೆ. ನಿಮ್ಮ ಕಂಪನಿಗೆ ಎರಡು: ನಗದು ಕಳೆದ ನಿವ್ವಳ ಸಾಲ ಇಬಿಟ್ಡಾದ 3.75 ಪಟ್ಟು ಮೀರಬಾರದು, ಇಬಿಟ್ಡಾ ಬಡ್ಡಿಯ 2.5 ಪಟ್ಟಿಗಿಂತ ಇಳಿಯಬಾರದು. ನಿವ್ವಳ ಸಾಲ 7,900 ಕೋಟಿ, ಅಂದರೆ ಈಗ 3.16 ಪಟ್ಟು. ಸಾಲ ಹಾಗೆಯೇ ಇದ್ದು ದುಡಿಮೆ 2,107 ಕೋಟಿಗೆ, ಅಂದರೆ ಸುಮಾರು 16 ಶೇಕಡ, ಇಳಿದರೆ ಮೊದಲ ಷರತ್ತು ಮುರಿಯುತ್ತದೆ. ಬಡ್ಡಿಯ ಷರತ್ತು ಮುರಿಯಲು 25 ಶೇಕಡ ಕುಸಿಯಬೇಕು. ಹಾಗಾಗಿ ಕಣ್ಣಿಡಬೇಕಾದದ್ದು ಮೊದಲನೆಯದರ ಮೇಲೆ. ವಾಸ್ತವದಲ್ಲಿ ದುಡಿಮೆ ಇಳಿದಾಗ ನಗದೂ ಕರಗಿ ನಿವ್ವಳ ಸಾಲ ಏರುವುದರಿಂದ, 16 ಎಂದು ಕಾಣುವ ಅಂತರ 12 ಅಥವಾ 13 ಎಂದೇ ತಿಳಿಯುವುದು ಕ್ಷೇಮ.

ಷರತ್ತು ಮುರಿದ ಕೂಡಲೇ ಬ್ಯಾಂಕುಗಳು ಮುಗಿಬೀಳುವುದಿಲ್ಲ. ಸಾಮಾನ್ಯವಾಗಿ ಶುಲ್ಕ ಪಡೆದು, ಬಡ್ಡಿ ಏರಿಸಿ, ಡಿವಿಡೆಂಡ್ ನಿಲ್ಲಿಸಲು ಹೇಳಿ ವಿನಾಯಿತಿ ಕೊಡುತ್ತವೆ. ಆದರೆ ವಿನಾಯಿತಿ ಸಿಗುವತನಕ ಬಳಸದ ಮಿತಿಯಿಂದ ಹಣ ತೆಗೆಯಲಾಗದು. ಒಂದು ಸಾಲದಲ್ಲಿ ಸುಸ್ತಿಯಾದರೆ (ಕಟ್ಟಬೇಕಾದ್ದನ್ನು ಕಟ್ಟದೆ ತಪ್ಪಿದರೆ) ಉಳಿದವನ್ನೂ ಒಟ್ಟಿಗೆ ಮರಳಿ ಕೇಳಬಹುದೆಂಬ ಷರತ್ತು ಬಹುತೇಕ ಕರಾರುಗಳಲ್ಲಿರುತ್ತದೆ. ಸಣ್ಣ ಮೊತ್ತದ ಸುಸ್ತಿ ಇಡೀ 9,400 ಕೋಟಿಯನ್ನು ಎಳೆದು ತರುವುದು ಹೀಗೆ. ಆದ್ದರಿಂದ ಅನುಭವಿ ಖಜಾನೆ ಅಧಿಕಾರಿ ಷರತ್ತು ಮುರಿಯುವ ಎರಡು ತ್ರೈಮಾಸಿಕ ಮೊದಲೇ ಬ್ಯಾಂಕುಗಳ ಬಾಗಿಲಿಗೆ ಹೋಗುತ್ತಾನೆ.

ನಿಮ್ಮ ಗಮನ ಈ ವರ್ಷದ 3,200 ಕೋಟಿಯ ಮೇಲಿದೆ. ನನ್ನ ದೃಷ್ಟಿಯಲ್ಲಿ ಇನ್ನೊಂದು ಅಂಕಿ ನಿಮಗೆ ಹೆಚ್ಚು ಮುಖ್ಯ. ಸಾಲದ ವಾಯಿದೆ ಪಟ್ಟಿಯಲ್ಲಿ ಮೂರನೇ ವರ್ಷ ನೋಡಿ: 2,300 ಕೋಟಿ ಒಟ್ಟಿಗೆ ತೀರಬೇಕಿದೆ, ಒಟ್ಟು ಸಾಲದ ಕಾಲುಭಾಗದಷ್ಟು. ನಿಮ್ಮ ಬಾಂಡ್ ತೀರುವುದೂ ಅದೇ ವರ್ಷ. ಎಚ್ಚರದ ಕಂಪನಿಗಳು ಒಂದೇ ವರ್ಷದಲ್ಲಿ 15ರಿಂದ 20 ಶೇಕಡಕ್ಕಿಂತ ಹೆಚ್ಚು ದೀರ್ಘಾವಧಿ ಸಾಲ ತೀರದಂತೆ ವಾಯಿದೆಗಳನ್ನು ಹರಡುತ್ತವೆ. ಇಂಥ ಗುಡ್ಡೆ ಬಿದ್ದಿದ್ದರೆ ಅದನ್ನು ಮುಂಚೆಯೇ ಕರಗಿಸುವ ದಾರಿಗಳಿವೆ: ಪೇಟೆ ಚೆನ್ನಾಗಿರುವಾಗ ದೀರ್ಘಾವಧಿ ಬಾಂಡ್ ಹೊರಡಿಸಿ ಹಳೆಯ ಬಾಂಡ್‌ಗಳ ಒಂದು ಭಾಗವನ್ನು ಮರಳಿ ಕೊಳ್ಳುವುದು, ಬ್ಯಾಂಕ್ ಸಾಲದ ಅವಧಿ ವಿಸ್ತರಿಸುವುದು, ಹಳೆಯ ಬಾಂಡ್‌ದಾರರಿಗೆ ಹೊಸ ಬಾಂಡ್‌ನ ವಿನಿಮಯ ನೀಡುವುದು. ಸಾಮಾನ್ಯ ನಿಯಮವೆಂದರೆ ತೀರುವ ದಿನಕ್ಕೆ 6ರಿಂದ 12 ತಿಂಗಳು ಮೊದಲೇ ಬದಲಿ ಹಣ ಕೈಸೇರಿರಬೇಕು. ರೇಟಿಂಗ್ ಪಡೆಯುವುದು, ಮಾಹಿತಿ ಪತ್ರ ಸಿದ್ಧಪಡಿಸುವುದು, ವ್ಯವಸ್ಥಾಪಕ ಬ್ಯಾಂಕು ಮತ್ತು ಟ್ರಸ್ಟಿಯ ನೇಮಕ, ಹೂಡಿಕೆದಾರರ ಭೇಟಿ ಇವಕ್ಕೆಲ್ಲ ಕೆಲವು ವಾರಗಳು ಸಾಕು. ಉಳಿದ ತಿಂಗಳುಗಳು ಬೇಕಾಗುವುದು ಪೇಟೆ ಮುಚ್ಚಿದ್ದರೆ ಕಾಯಲು.

ಬಡ್ಡಿ ದರದ ವಿಷಯ ನಿಮ್ಮ ಕಂಪನಿಯಲ್ಲಿ ಅಷ್ಟು ಗಾಬರಿ ಹುಟ್ಟಿಸುವಂಥದ್ದಲ್ಲ. ಬ್ಯಾಂಕ್ ಸಾಲ 4,200 ಕೋಟಿ, ಪೇಪರ್ ಮತ್ತು ದುಡಿಯುವ ಬಂಡವಾಳದ ಸಾಲ ಸೇರಿ 1,600. ಈ 5,800 ಕೋಟಿಯ ಬಡ್ಡಿ ಪೇಟೆಯ ಜತೆ ಏರಿಳಿಯುತ್ತದೆ. ದರ ಒಂದು ಶೇಕಡ ಏರಿದರೆ ವರ್ಷಕ್ಕೆ 58 ಕೋಟಿ ಹೆಚ್ಚುವರಿ. ಇದರಲ್ಲಿ 2,000 ಕೋಟಿಗೆ ಸ್ವಾಪ್ ಮಾಡಿಕೊಂಡು ಏರಿಳಿಯುವ ಬಡ್ಡಿಗೆ ಬದಲು ನಿಶ್ಚಿತ ಬಡ್ಡಿ ಕಟ್ಟುತ್ತಿದ್ದಾರೆ, ಹಾಗಾಗಿ ಪೆಟ್ಟು 38 ಕೋಟಿಗೆ ಇಳಿಯುತ್ತದೆ.

ವಿದೇಶಿ ಕರೆನ್ಸಿಯ ಸಾಲ ನಿಮ್ಮ ಕಂಪನಿಗಿಲ್ಲ, ಅದು ಒಳ್ಳೆಯ ಸುದ್ದಿ. ಮುಂದೆ ತಂದರೆ ಎರಡು ವಿಚಾರ ನೋಡಿ: ಅದೇ ಕರೆನ್ಸಿಯಲ್ಲಿ ಆದಾಯವಿದೆಯೇ, ಇಲ್ಲದಿದ್ದರೆ ಅಸಲಿಗೂ ಹೆಡ್ಜ್ (ವಿನಿಮಯ ದರ ಏರಿದರೆ ನಷ್ಟವಾಗದಂತೆ ಮುಂಗಡ ರಕ್ಷಣೆ) ಮಾಡಿದ್ದಾರೆಯೇ. ಡಾಲರ್ ಬಡ್ಡಿ ಕಡಿಮೆಯೆಂದು ಕಾಣುವ ಅಗ್ಗವೆಲ್ಲ ಹೆಡ್ಜ್ ವೆಚ್ಚ ಸೇರಿಸಿದಾಗ ಬಹುಪಾಲು ಕರಗಿಹೋಗುತ್ತದೆ. ಆ ವೆಚ್ಚ ಉಳಿಸಲು ಹೋದವರ ಗತಿ 1997ರಲ್ಲಿ ಥಾಯ್ಲೆಂಡ್‌ನಲ್ಲಿ ಕಂಡಿತು. ಡಾಲರಿಗೆ ಸುಮಾರು 25 ಇದ್ದ ಅಲ್ಲಿನ ಕರೆನ್ಸಿ ಬಾತ್, ದರ ಹೆಚ್ಚುಕಡಿಮೆ ಸ್ಥಿರವಾಗಿರಿಸಿದ್ದ ಕಟ್ಟನ್ನು ಜುಲೈಯಲ್ಲಿ ಕಳಚಿಕೊಂಡು, ಮರುವರ್ಷ ಜನವರಿಗೆ 50 ದಾಟಿತು. ಡಾಲರ್ ಸಾಲವಿದ್ದ ಕಂಪನಿಗಳ ಅಸಲು ಸ್ಥಳೀಯ ಲೆಕ್ಕದಲ್ಲಿ ಎರಡು ಪಟ್ಟಾಯಿತು.

ರೇಟಿಂಗ್ ಚೆನ್ನಾಗಿದೆ ಎಂಬ ಧೈರ್ಯಕ್ಕೆ ಒಂದು ಮಿತಿ ಹಾಕಿಕೊಳ್ಳಿ. ದೀರ್ಘಾವಧಿಯಲ್ಲಿ ತೀರಿಸುವ ಸಾಮರ್ಥ್ಯವನ್ನು ಅದು ಸುಮಾರಾಗಿ ಹೇಳುತ್ತದೆ, ಆದರೆ ನಗದು ಬಿಕ್ಕಟ್ಟಿನ ವಾರವನ್ನು ಮುಂಚಿತವಾಗಿ ಹೇಳುವುದಿಲ್ಲ. ಭಾರತದಲ್ಲಿ ಮೂಲಸೌಕರ್ಯಗಳಿಗೆ ಹಣ ಒದಗಿಸುತ್ತಿದ್ದ ಐಎಲ್ ಅಂಡ್ ಎಫ್‌ಎಸ್ ಸಮೂಹ 2018ರಲ್ಲಿ ಕೆಲವೇ ವಾರಗಳಲ್ಲಿ ಮೇಲ್ದರ್ಜೆಯ ರೇಟಿಂಗ್‌ನಿಂದ ಸುಸ್ತಿ ದರ್ಜೆಗೆ ಇಳಿಯಿತು. ವರ್ಷಗಟ್ಟಲೆ ಹಣ ಮರಳದ ರಸ್ತೆ, ವಿದ್ಯುತ್ ಯೋಜನೆಗಳಿಗೆ ಅಲ್ಪಾವಧಿಯ ಸಾಲವನ್ನೂ ನೆಚ್ಚಿಕೊಂಡಿದ್ದು ಅದರ ಮುಖ್ಯ ದೋಷ. ನಿಮ್ಮ ಕಂಪನಿಯಲ್ಲಿ ಕಮರ್ಷಿಯಲ್ ಪೇಪರ್ ಹಣ ಸರಕಿಗೆ ಹೋಗುತ್ತಿದೆಯೋ ಹೊಸ ಘಟಕದ ಕಟ್ಟಡಕ್ಕೆ ಹೋಗುತ್ತಿದೆಯೋ ಎಂದು ತಿಳಿಯುವುದು ಆದ್ದರಿಂದಲೇ ಮುಖ್ಯ. ಪೇಪರ್ ಬಾಕಿ ಏರುತ್ತಾ ಸರಕು ಮತ್ತು ಬಾಕಿಗಳ ಮೊತ್ತ ಏರದಿದ್ದರೆ ಅನುಮಾನಪಡಿ.

ಆಸ್ತಿ ಹೊಣೆ ಪಟ್ಟಿಯಲ್ಲಿ ಸಾಲವೆಂದು ಬರೆಯದ ಸಾಲವೂ ಇರಬಹುದು. ಅಂಗಸಂಸ್ಥೆಗಳಿಗೆ ಕೊಟ್ಟ ಖಾತರಿಗಳು ಟಿಪ್ಪಣಿಗಳಲ್ಲಿ ಅಡಗಿರುತ್ತವೆ. ಪೂರೈಕೆದಾರರಿಗೆ ಬ್ಯಾಂಕು ಮೊದಲೇ ಹಣ ಕೊಟ್ಟು ಕಂಪನಿಯಿಂದ ತಿಂಗಳುಗಳ ಬಳಿಕ ವಸೂಲು ಮಾಡುವ ಸಪ್ಲೈಯರ್ ಫೈನಾನ್ಸ್ ವ್ಯವಸ್ಥೆ, ಸಾಲದ ಸ್ವಭಾವದ್ದೇ ಆದರೂ ವ್ಯಾಪಾರದ ಬಾಕಿಯಂತೆ ಕಾಣುತ್ತದೆ. 2018ರ ಜನವರಿಯಲ್ಲಿ ಕುಸಿದ ಬ್ರಿಟನ್ನಿನ ನಿರ್ಮಾಣ ಕಂಪನಿ ಕಾರಿಲಿಯನ್ ಇದನ್ನು ಧಾರಾಳವಾಗಿ ಬಳಸಿತ್ತು. ಅಂತಾರಾಷ್ಟ್ರೀಯ ಲೆಕ್ಕಪತ್ರ ಮಾನದಂಡಗಳು 2024ರಿಂದ ಈ ವಿವರವನ್ನು ಪ್ರಕಟಿಸಲು ಹೇಳುತ್ತವೆ. ಪೂರೈಕೆದಾರರ ಬಾಕಿ ಖರೀದಿಗಿಂತ ವೇಗವಾಗಿ ಬೆಳೆದಿದ್ದರೆ ಆ ಟಿಪ್ಪಣಿ ತೆರೆದು ನೋಡಿ.

ಇನ್ನು ನೀವೇನು ಮಾಡಬಹುದು. ಬಾಂಡ್ ತೀರುವತನಕ ಇಟ್ಟುಕೊಂಡರೆ ಬಡ್ಡಿ ಬರುತ್ತಿರುತ್ತದೆ, ಪೇಟೆ ಬೆಲೆಯ ಏರಿಳಿತ ನಿಮ್ಮನ್ನು ತಟ್ಟುವುದಿಲ್ಲ. ಹೊರುವ ಅಪಾಯ ಮೂರನೇ ವರ್ಷದ ಆ ಗುಡ್ಡೆಯದು. ಹಾಗಿಡುವ ಮೊದಲು ನಿಮ್ಮ ಬಾಂಡ್‌ಗೆ ಆಸ್ತಿಯ ಭದ್ರತೆ ಇದೆಯೇ, ಅದು ಕಾರ್ಖಾನೆಗಳಿರುವ ಕಂಪನಿಯೇ ಹೊರಡಿಸಿದ್ದೋ ಅಥವಾ ಅದರ ಮೇಲಿನ ಮಾತೃಸಂಸ್ಥೆಯದೋ ಎಂದು ನೋಡಿಕೊಳ್ಳಿ. ಮಾತೃಸಂಸ್ಥೆಯದಾದರೆ ಅಂಗಸಂಸ್ಥೆಗಳಿಗೆ ಸಾಲ ಕೊಟ್ಟವರಿಗೆ ಕೊಟ್ಟು ಉಳಿದದ್ದಷ್ಟೇ ನಿಮಗೆ.

ಈಗಲೇ ಎಲ್ಲ ಮಾರಿದರೆ ಆ ಅಪಾಯ ಹೋಗುತ್ತದೆ. ಆದರೆ ಸಣ್ಣ ಹೂಡಿಕೆದಾರರ ಬಾಂಡ್‌ಗಳಿಗೆ ಕೊಳ್ಳುವವರು ವಿರಳ, ನ್ಯಾಯವಾದ ಬೆಲೆಗಿಂತ ಕಡಿಮೆಗೆ ಕೊಡಬೇಕಾಗಬಹುದು. ಮೂರು ವರ್ಷದ ಬಾಂಡ್‌ಗೆ ಪೇಟೆ ಒಂದು ಶೇಕಡ ಹೆಚ್ಚು ಪ್ರತಿಫಲ ಕೇಳತೊಡಗಿದರೆ ಬೆಲೆ ಸುಮಾರು 2.5 ಶೇಕಡ ಇಳಿಯುತ್ತದೆ. ಅದಕ್ಕಿಂತ ಎಷ್ಟೋ ಹೆಚ್ಚು ಇಳಿಸಿ ಕೇಳುತ್ತಿದ್ದರೆ, ಕೊಳ್ಳುವವರು ನಿಮ್ಮ ಆತುರವನ್ನು ಬಳಸಿಕೊಳ್ಳುತ್ತಿದ್ದಾರೆ ಅಥವಾ ನಿಮಗೆ ಗೊತ್ತಿಲ್ಲದ ಸುದ್ದಿ ಪೇಟೆಗೆ ಗೊತ್ತಿದೆ.

ನಾನು ಒಲಿಯುವುದು ನಡುವಿನ ದಾರಿಗೆ. ಕಂಪನಿ ಹೇಗೇ ಇರಲಿ, ಉಳಿತಾಯದ ಮೂರನೇ ಒಂದು ಭಾಗ ಒಂದೇ ಹೆಸರಿನಲ್ಲಿರುವುದು ನಿವೃತ್ತರಿಗೆ ಅತಿಯಾಯಿತು. ಪೇಟೆ ಶಾಂತವಾಗಿರುವಾಗ, ಎರಡು ಮೂರು ಕಂತುಗಳಲ್ಲಿ, ಅದನ್ನು ಹತ್ತನೇ ಒಂದು ಭಾಗಕ್ಕೆ ಇಳಿಸಿ. ಷೇರುಗಳನ್ನೂ ಇದೇ ಲೆಕ್ಕಕ್ಕೆ ಸೇರಿಸಿ, ಏಕೆಂದರೆ ಬಾಂಡ್ ಮುಗ್ಗರಿಸುವ ದಿನಕ್ಕೆ ಮೊದಲೇ ಷೇರು ಬಿದ್ದಿರುತ್ತದೆ. ಹೊಸ ಬಾಂಡ್‌ಗೆ ಬದಲಾಯಿಸಿಕೊಳ್ಳುವ ಕೊಡುಗೆ ಬಂದರೆ ಬಡ್ಡಿ ದರ ಹೆಚ್ಚೆಂದು ಒಪ್ಪಬೇಡಿ. ಅವಧಿ ಎಷ್ಟು ಉದ್ದವಾಯಿತು, ಭದ್ರತೆ ಕಡಿಮೆಯಾಯಿತೇ ಎಂಬುದನ್ನು ಮೊದಲು ನೋಡಿ.

ಇಷ್ಟರ ಜತೆಗೆ ಕಂಪನಿಯ ಹೂಡಿಕೆದಾರರ ವಿಭಾಗಕ್ಕೆ ಎರಡು ಪ್ರಶ್ನೆ ಬರೆದು ಕಳಿಸಿ. 2,000 ಕೋಟಿಯ ಮಿತಿ ಬದ್ಧವೇ, ಬದ್ಧವಾದರೆ ಯಾವ ತಾರೀಖಿನವರೆಗೆ? ಮೂರನೇ ವರ್ಷದ 2,300 ಕೋಟಿಗೆ ಯೋಜನೆ ಏನು? ಮಿತಿ ಬದ್ಧವಾಗಿದ್ದು ಒಂದೂವರೆ ವರ್ಷಕ್ಕಿಂತ ಹೆಚ್ಚು ಅವಧಿ ಉಳಿದಿದ್ದರೆ ಮೇಲೆ ಹೇಳಿದಂತೆ ನಿಧಾನವಾಗಿ ಇಳಿಸಿಕೊಳ್ಳಬಹುದು. ಬದ್ಧವಲ್ಲ ಎಂದರೆ, ಅಥವಾ ನೇರ ಉತ್ತರವೇ ಬರದಿದ್ದರೆ, ಮೊದಲ ಕಂತನ್ನು ಈ ತ್ರೈಮಾಸಿಕದಲ್ಲೇ ಮಾರಿ. ಈ ವರ್ಷದ 1,000 ಕೋಟಿ ಬಾಂಡ್ ತೀರಲು ಮೂರು ತಿಂಗಳು ಉಳಿದಿರುವಾಗಲೂ ಹೊಸ ಬಾಂಡ್ ಹೊರಬಿದ್ದಿಲ್ಲ, ಕಮರ್ಷಿಯಲ್ ಪೇಪರ್ ಬಾಕಿ ಮಾತ್ರ ಏರಿದೆ ಎಂದು ಕಂಡರೆ, ಉಳಿದ ಕಂತುಗಳಿಗೂ ಕಾಯಬೇಡಿ.